ಎರಡು ಸಲ ಓದುವ ಬೆಂಚು

ಹಳೆ ಕೆಂಗೇರಿಯ ಒಳಬೀದಿಯಲ್ಲಿ ನಮ್ಮದೊಂದು ವಾಚನಾಲಯ ಇದೆ. ಅಲ್ಲಿ ಬೆಳಗಿನ ಹೊತ್ತು ಒಂದು ಕೆಲಸ ನಡೆಯುತ್ತದೆ. ಯಾರು ಯಾವ ಕಾಗದ ತಂದರೂ ಅದನ್ನು ಅವರೆದುರು ಗಟ್ಟಿಯಾಗಿ ಓದಿ ಹೇಳುವುದು. ಕೋರ್ಟಿನ ನೋಟಿಸು, ಕರೆಂಟ್ ಬಿಲ್ಲು, ಬ್ಯಾಂಕಿನ ಪತ್ರ, ಆಸ್ಪತ್ರೆಯ ರಿಪೋರ್ಟು, ಈಚೀಚೆಗೆ ಮೊಬೈಲಿಗೆ ಬಂದ ಮೆಸೇಜು, ಏನಾದರೂ ಆಗಬಹುದು. ಆ ಹೆಂಚಿನ ಮನೆಯನ್ನೂ ಈ ಕೆಲಸವನ್ನೂ ಊರಿಗೆ ಬಿಟ್ಟುಹೋದವರು ಮಹಾರಾಜರ ಕಾಲದ ಒಬ್ಬ ವಕೀಲರು. ಓದುವ ಕುರ್ಚಿಯಲ್ಲಿ ಈಗ ಕೂರುವವಳು ನಾನು.

ಕುರ್ಚಿಯ ಹಿಂದೆ ಗೋಡೆಗೆ ಒಂದು ಮರದ ಹಲಗೆ ಹೊಡೆದಿದೆ. ವಕೀಲರೇ ಬರೆಸಿದ್ದು. ಬಣ್ಣ ಮಾಸಿದಾಗಲೆಲ್ಲ ಯಾರೋ ಒಬ್ಬರು ಅದರ ಮೇಲೇ ಮತ್ತೆ ಬಣ್ಣ ಎಳೆದು ಅಕ್ಷರಗಳು ದಪ್ಪಗಾಗಿವೆ. "ಕಾಗದವನ್ನು ಇದ್ದದ್ದು ಇದ್ದ ಹಾಗೆ ಎರಡಾವರ್ತಿ ಓದತಕ್ಕದ್ದು. ಅನ್ಯಭಾಷೆಯದಾದಲ್ಲಿ ಎರಡನೆಯ ಆವರ್ತಿ ಕನ್ನಡದಲ್ಲಿ ಹೇಳತಕ್ಕದ್ದು. ಓದುವವರು ತಮ್ಮ ಮಾತು ಸೇರಿಸತಕ್ಕದ್ದಲ್ಲ. ಒಂದು ಸಾಲನ್ನೂ ಬಿಡತಕ್ಕದ್ದಲ್ಲ. ಬಂದವರು ಯಾರೆಂದು ವಿಚಾರಿಸತಕ್ಕದ್ದಲ್ಲ."

ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ನಮ್ಮ ಯಜಮಾನರಿಗೆ ಹೊಟ್ಟೆಯ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಗೊತ್ತಾದದ್ದು ನನಗೆ ಮತ್ತು ಮಗಳಿಗೆ. ಅವರಿಗೆ ನಾವು ಹೇಳಿರಲಿಲ್ಲ. ಮನೆಯಲ್ಲಿ ಹೇಳದೆ ಇಟ್ಟದ್ದನ್ನು ಈ ಹಲಗೆಯ ಕೆಳಗೆ ಕೂತು ಓದಬೇಕಾಗಿ ಬಂತು. ಅದನ್ನು ಬರೆದಿಡುತ್ತಿದ್ದೇನೆ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಕೊನೆಗೆ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ. ತರಬೇತಿಯ ಹಾಸ್ಟೆಲಿನಲ್ಲಿ ಹಾಸಿಗೆಯ ಬೆಡ್‌ಶೀಟಿನ ಮೂಲೆ ಹೇಗೆ ಮಡಿಸಬೇಕು ಎಂಬುದರಿಂದ ಹಿಡಿದು ಕಲಿಸಿದರು. ಅದು ಇನ್ನೂ ಕೈಯಲ್ಲಿದೆ. ಹಾಲಿನವನು ಬರುವ ಮೊದಲು ಏಳುತ್ತೇನೆ. ಬಾಗಿಲಿಗೆ ನೀರು, ರಂಗೋಲಿ, ಸ್ನಾನ, ರಾಗಿ ಗಂಜಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೆಗಲಿಗೆ ಪಿನ್ ಹಾಕಿ ಉಪನಗರದ ನಮ್ಮ ಮನೆಯಿಂದ ಹೊರಟರೆ, ಮೈಸೂರು ರಸ್ತೆ ದಾಟುವುದೊಂದೇ ಕಷ್ಟ. ಆಮೇಲೆ ವಾಚನಾಲಯ ಹತ್ತಿರವೇ. ನಾನು ಬರುವ ಹೊತ್ತಿಗೆ ಕಾರ್ಯದರ್ಶಿಗಳು ಬಾಗಿಲು ತೆಗೆದು, ಪೇಪರುಗಳನ್ನು ಉದ್ದ ಮೇಜಿನ ಮೇಲೆ ಹರಡಿರುತ್ತಾರೆ. ಅವರು ನಿವೃತ್ತ ಪೋಸ್ಟ್‌ಮಾಸ್ಟರು. ಎಲ್ಲರೂ ಮಾಸ್ಟ್ರು ಎನ್ನುತ್ತಾರೆ. ನನಗಿಂತ ಮೊದಲು ಓದುತ್ತಿದ್ದವರು ಅವರೇ. ಕಣ್ಣಿಗೆ ಪೊರೆ ಬಂದಾಗ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ಆಪರೇಷನ್ ಆಗಿ ಕಣ್ಣು ಸರಿಹೋದ ಮೇಲೂ ವಾಪಸ್ ಕೇಳಲಿಲ್ಲ.

"ಸಿಸ್ಟರ್, ನಿಮ್ಮ ಓದು ಇಂಜೆಕ್ಷನ್ ಇದ್ದಂಗೆ" ಎಂದಿದ್ದರು ಒಮ್ಮೆ. "ಚುಚ್ಚಿದ್ದು ಗೊತ್ತಾಗಲ್ಲ. ಮನೆಗೆ ಹೋದ್ಮೇಲೆ ನೋಯುತ್ತೆ."

ನಮ್ಮ ಯಜಮಾನರು ಆಗ ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಅವರು ದಿನವೂ ನನ್ನ ಹಿಂದೆ ಸ್ವಲ್ಪ ತಡವಾಗಿ ವಾಚನಾಲಯಕ್ಕೆ ಬರುತ್ತಿದ್ದರು. ತಲೆ ಎತ್ತದೆ ಹೇಳಿದರು: "ಮನೇಲೂ ಹಂಗೇ ಮಾಸ್ಟ್ರೇ. ಉಪ್ಪಿಟ್ಟು ಬಡಿಸೋವಾಗ ಬೆಡ್ ನಂಬರ್ ಕೇಳ್ತಾಳೆ."

ವಕೀಲರ ವಿಷಯ ನನಗೆ ತಿಳಿದಿರುವುದೆಲ್ಲ ಮಾಸ್ಟ್ರು ಹೇಳಿದ್ದು. ಅವರಿಗೆ ಅವರ ಹಿಂದಿನವರು ಹೇಳಿದ್ದು.

ವಕೀಲರು ಹುಟ್ಟಿದ್ದು ಇದೇ ಬೀದಿಯಲ್ಲಿ. ತಂದೆ ಊರಿನ ಲೆಕ್ಕ ಬರೆಯುತ್ತಿದ್ದವರು. ಇಂಗ್ಲಿಷ್ ಕಲಿಯಲೆಂದು ಹುಡುಗನನ್ನು ಬೆಂಗಳೂರು ಪೇಟೆಗೆ ಕಳಿಸಿದರು. ಅಲ್ಲಿ ವಾರಾನ್ನದ ಊಟ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯವರು ತಮಗೆ ಬಂದ ಕಾಗದಗಳನ್ನು ಈ ಹುಡುಗನ ಕೈಲಿ ಓದಿಸುತ್ತಿದ್ದರಂತೆ. ಊಟಕ್ಕೆ ಮೊದಲು ಓದಿದ ಕಾಗದದಲ್ಲಿ ಕೆಟ್ಟ ಸುದ್ದಿ ಇದ್ದರೆ ಆ ದಿನ ಒಲೆ ಹಚ್ಚುತ್ತಿರಲಿಲ್ಲ. ಹುಡುಗನಿಗೂ ಉಪವಾಸ. ಆದರೂ ಅವನು ಊಟ ಆಗುವ ತನಕ ಕಾಗದ ಮುಚ್ಚಿಡುವುದನ್ನು ಕಲಿಯಲಿಲ್ಲ ಎಂದು ಮಾಸ್ಟ್ರು ಹೇಳಿ ನಗುತ್ತಿದ್ದರು.

ಆಮೇಲೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿದರು. ಗದ್ದೆಯ ಗಡಿ, ಕೆರೆಯ ನೀರು, ಅಣ್ಣತಮ್ಮಂದಿರ ಪಾಲು, ಇಂಥ ವ್ಯಾಜ್ಯಗಳನ್ನು ನಡೆಸಿದರು. ಹೆಸರು ಬಂತು. ಮನೆಯ ಮುಂದಿನ ಪಡಸಾಲೆಯೇ ಕಚೇರಿ. ಅಲ್ಲಿ ಒಬ್ಬ ಗುಮಾಸ್ತ ಇದ್ದ. ಒಳ್ಳೆಯ ಮನುಷ್ಯ, ಮೆತ್ತನೆಯ ಮಾತಿನವನು. ಒಂದು ದಿನ ವಕೀಲರು ಊರಲ್ಲಿಲ್ಲದಾಗ ಕೆರೆಯ ಕೆಳಗೆ ಗದ್ದೆ ಇದ್ದ ಒಬ್ಬ ವಿಧವೆ ಕೋರ್ಟಿನ ಆದೇಶ ಹಿಡಿದುಕೊಂಡು ಬಂದಳು. ಕಂಕುಳಲ್ಲಿ ಕೂಸು. ಆದೇಶ ಅವಳ ವಿರುದ್ಧ ಆಗಿತ್ತು. ಇಷ್ಟು ದಿನದೊಳಗೆ ಮೇಲಿನ ಕೋರ್ಟಿಗೆ ಹೋಗದಿದ್ದರೆ ಗದ್ದೆ ಎದುರು ಪಾರ್ಟಿಗೆ ಸೇರುತ್ತದೆ ಎಂದು ಕೊನೆಯಲ್ಲಿ ಬರೆದಿತ್ತು. ಗುಮಾಸ್ತನಿಗೆ ಅವಳ ಮುಖ ನೋಡಿ ಅದನ್ನು ಓದಲು ಮನಸ್ಸಾಗಲಿಲ್ಲ. "ಏನೂ ಆಗಲ್ಲ ತಾಯಿ, ಮೇಲಿನ ಕೋರ್ಟು ಅಂತ ಒಂದಿದೆ" ಎಂದು ಹೇಳಿ ಕಳಿಸಿದ. ಅವಳಿಗೆ ಕೇಳಿಸಿದ್ದು "ಏನೂ ಆಗಲ್ಲ" ಎನ್ನುವುದಷ್ಟೇ. ಮನೆಗೆ ಹೋಗಿ ನೆಮ್ಮದಿಯಾಗಿ ಕೂತಳು. ಗಡುವು ಕಳೆಯಿತು. ಗದ್ದೆ ಹೋಯಿತು.

ವಕೀಲರು ಗುಮಾಸ್ತನನ್ನು ಕೆಲಸದಿಂದ ತೆಗೆಯಲಿಲ್ಲ. ಮಾರನೆಯ ದಿನದಿಂದ ಅವನನ್ನು ಪಡಸಾಲೆಯಲ್ಲಿ ಕೂರಿಸಿದರು. ಊರಿನವರು ಯಾವ ಕಾಗದ ತಂದರೂ ಗಟ್ಟಿಯಾಗಿ ಎರಡು ಸಲ ಓದಬೇಕು. ವಕೀಲರು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಂದು ಪದ ಮೆತ್ತಗಾದರೂ ಒಳಗಿನಿಂದ ಕೆಮ್ಮುತ್ತಿದ್ದರಂತೆ. ನಮ್ಮ ವಾಚನಾಲಯದ ಮೊದಲನೆಯ ಓದುಗ ಆ ಗುಮಾಸ್ತನೇ.

ಮುಂದೆ ವಕೀಲರು ರಾಜಕೀಯಕ್ಕೂ ಹೋದರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸಂಸ್ಥಾನದ ಪ್ರತಿನಿಧಿಗಳ ಸಭೆ ಸೇರುತ್ತಿತ್ತು. ಅದಕ್ಕೆ ಆಯ್ಕೆಯಾಗಿ, ಜರಿಪೇಟ ಸುತ್ತಿ, ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುತ್ತಿದ್ದರು. ಉಳಿದವರು ರಸ್ತೆ ಕೇಳುತ್ತಿದ್ದರು, ಕಂದಾಯ ಇಳಿಸಿ ಎನ್ನುತ್ತಿದ್ದರು. ಇವರದು ಪ್ರತಿ ವರ್ಷವೂ ಒಂದೇ ಬೇಡಿಕೆ. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಬೇಕು. ಓದಿ ಹೇಳಲು ಪ್ರತಿ ಕಚೇರಿಯಲ್ಲೂ ಒಬ್ಬನನ್ನು ನೇಮಿಸಬೇಕು. ಪ್ರತಿ ವರ್ಷವೂ ಒಂದೇ ಉತ್ತರ. "ಆಗಲಿ, ಪರಿಶೀಲಿಸೋಣ. ಮುಂದಿನವರು." ಇವರು ಕೂತುಕೊಳ್ಳುತ್ತಿದ್ದರು. ಮುಂದಿನವರು ಎದ್ದು ರಸ್ತೆ ಕೇಳುತ್ತಿದ್ದರು.

ವಯಸ್ಸಾದ ಮೇಲೆ ಸಭೆಯನ್ನು ಬಿಟ್ಟರು. ಮನೆಯ ಮುಂಭಾಗವನ್ನೂ, ತಮ್ಮ ಪುಸ್ತಕಗಳನ್ನೂ, ಖರ್ಚಿಗೆ ಒಂದು ತುಂಡು ಹೊಲವನ್ನೂ ಊರಿಗೆ ಬರೆದುಕೊಟ್ಟರು. ಸರ್ಕಾರ ಮಾಡದಿದ್ದರೆ ಈ ಬೀದಿಯಲ್ಲಾದರೂ ಆಗಲಿ ಎಂದರಂತೆ. ಒಬ್ಬರ ಕಾಗದ ಓದಿ ಮುಗಿದ ಮೇಲೆ ಓದುವವರು "ಮುಂದಿನವರು" ಎನ್ನಬೇಕೆಂಬ ಪದ್ಧತಿಯನ್ನೂ ಅವರೇ ಹಾಕಿದ್ದು. ಮೈಸೂರಿನಿಂದ ತಂದದ್ದು ಅದೊಂದೇ ಎಂದು ತಮಾಷೆ ಮಾಡುತ್ತಿದ್ದರಂತೆ. ಇವತ್ತಿಗೂ ನಾವು ಹಾಗೇ ಹೇಳುತ್ತೇವೆ. ಹಿಂದೆ ಯಾರೂ ಇಲ್ಲದಿದ್ದರೂ ಹೇಳುತ್ತೇವೆ.

ಮನೆಯೊಳಗೆ ಅವರು ಹೇಗಿದ್ದರು ಎಂದು ಯಾರಿಗೂ ತಿಳಿಯದು. ಒಮ್ಮೆ ಕೇಳಿದ್ದಕ್ಕೆ ಮಾಸ್ಟ್ರು ಇಷ್ಟು ಹೇಳಿದರು: "ಅವರ ಮನೆಯವರಿಗೆ ಓದೋಕೆ ಬರ್ತಿರ್ಲಿಲ್ಲವಂತೆ." ಗೋಡೆಯ ಮೇಲೆ ವಕೀಲರ ಪಟ ಇದೆ. ಪೇಟ, ಉದ್ದ ಕೋಟು, ಮೊಣಕಾಲ ಮೇಲೆ ಎರಡೂ ಕೈ. ಹೆಂಡತಿಯ ಪಟ ಇಲ್ಲ.

ಅವರ ಕಾನೂನು ಪುಸ್ತಕಗಳು ಗಾಜಿನ ಕಪಾಟಿನಲ್ಲಿವೆ. ಯಾರೂ ತೆಗೆಯುವುದಿಲ್ಲ. ನಾನು ತಿಂಗಳಿಗೊಮ್ಮೆ ಒರೆಸಿ, ನುಸಿಗುಳಿಗೆ ಬದಲಿಸುತ್ತೇನೆ.

ಓದುವ ಕುರ್ಚಿಯ ಎದುರಿಗೆ ಕೇಳುವವರ ಬೆಂಚು. ಅದೂ ವಕೀಲರ ಕಾಲದ್ದೇ, ಬೀಟೆ ಮರದ್ದು. ಒಂದು ಕಾಲು ಸವೆದು ಕೂತವರೆಲ್ಲ ಅಲುಗುತ್ತಿದ್ದರು. ನಮ್ಮ ಯಜಮಾನರು ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಕ್ಕಪಕ್ಕದ ಮನೆಗಳ ಮಿಕ್ಸಿ, ನೀರಿನ ಮೋಟಾರು ಎಲ್ಲವನ್ನೂ ಬಿಚ್ಚಿ ಸರಿಮಾಡುತ್ತಿದ್ದರು. ಈ ಬೆಂಚಿಗೆ ಮಾತ್ರ "ನಾಳೆ ಮಾಡ್ತೀನಿ" ಎನ್ನುತ್ತಲೇ ವರ್ಷಗಳು ಕಳೆದವು.

ಸೊಪ್ಪು ಮಾರುವ ಹೆಂಗಸೊಬ್ಬಳು ವಾರಕ್ಕೆರಡು ಸಲ ಮೊಬೈಲು ಹಿಡಿದು ಬರುತ್ತಾಳೆ. ಆ ಬೆಂಚಿನ ಮೇಲೆ ಕೂತು ಅಲುಗಾಡುತ್ತಾ ಕೇಳುವುದು ಅವಳಿಗೆ ಇಷ್ಟ.

"ಸಿಸ್ಟರಮ್ಮ, ಬ್ಯಾಂಕಿನೋರು ಏನೋ ಕಳ್ಸವ್ರೆ, ನೋಡಿ."

ಇಂಗ್ಲಿಷಿನಲ್ಲೊಮ್ಮೆ ಓದಿ, ಕನ್ನಡದಲ್ಲೊಮ್ಮೆ ಹೇಳಿದೆ. ಸಾಲ ಕೊಡುತ್ತೇವೆ, ಈ ನಂಬರಿಗೆ ಕರೆ ಮಾಡಿ ಎಂದಿತ್ತು.

"ಮಾಡ್ಲಾ, ಬೇಡ್ವಾ?"

"ನಾನು ಓದ್ತೀನಿ, ಅಷ್ಟೇ."

"ಅಯ್ಯೋ, ನಿಮ್ಮ ವಕೀಲ್ರು ಒಳ್ಳೆ ಬಾಯಿಗೆ ಬೀಗ ಜಡಿದು ಹೋಗವ್ರಲ್ಲ! ಅಣ್ಣ, ನೀವಾರ ಹೇಳಿ."

ಪೇಪರಿನ ಹಿಂದಿನಿಂದ ನಮ್ಮ ಯಜಮಾನರು ಹೇಳಿದರು: "ಕರೆ ಮಾಡ್ಬೇಡ ಕಣವ್ವ. ಸುಮ್ನೆ ಸೊಪ್ಪು ಮಾರು."

ಕೇಳುಗರು ಬೇಕೆಂದರೆ ಸಲಹೆ ಪೇಪರಿನ ಮೇಜಿನಿಂದ ಬರುತ್ತಿತ್ತು. ಕುರ್ಚಿಯಿಂದ ಬರುವಂತಿಲ್ಲ. ಹೀಗೆ ನಡೆದುಕೊಂಡು ಹೋಗುತ್ತಿತ್ತು.

ಅವರಿಗೆ ಊಟ ಸೇರದಂತಾದದ್ದು ಆ ಮಳೆಗಾಲದಲ್ಲಿ. ಮುದ್ದೆಯನ್ನು ಅರ್ಧಕ್ಕೆ ಬಿಡುತ್ತಿದ್ದರು. ಬೆಲ್ಟಿಗೆ ಹೊಸ ತೂತು ಕೊರೆದುಕೊಂಡದ್ದನ್ನು ನೋಡಿ ನಾನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಟ್ಟೆಯೊಳಗೆ ಟ್ಯೂಬು ಇಳಿಸಿ ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ಯಾನ್ ಮಾಡಿದರು. ರಿಪೋರ್ಟು ಬಂದ ದಿನ ಅವರನ್ನು ಹೊರಗೆ ಕೂರಿಸಿ, ನನ್ನನ್ನೂ ಮಗಳನ್ನೂ ಒಳಗೆ ಕರೆದರು. ನಾನೂ ನನ್ನ ಕಾಲದಲ್ಲಿ ಹಾಗೆಯೇ ಕರೆಯುತ್ತಿದ್ದೆ. ಡಾಕ್ಟರು ಮಾತು ಶುರು ಮಾಡುವ ಮೊದಲೇ, ಕುರ್ಚಿ ತೋರಿಸಿದ ರೀತಿಯಿಂದಲೇ ನನಗೆ ತಿಳಿಯಿತು. ಲಿವರಿಗೆ ಹರಡಿದೆ, ಆಪರೇಷನ್ ಆಗುವುದಿಲ್ಲ, ಕೀಮೋ ಕೊಡಬಹುದು, ಅದರಿಂದ ಗುಣವಾಗುವುದಿಲ್ಲ, ಸ್ವಲ್ಪ ಕಾಲ ಸಿಗಬಹುದು. ನಾನು ತಲೆಯಾಡಿಸುತ್ತಾ ಕೇಳಿದೆ. ಡ್ಯೂಟಿ ಬದಲಾಗುವಾಗ ರಾತ್ರಿಯ ಸಿಸ್ಟರು ಹೇಳುವುದನ್ನು ಕೇಳಿದ ಹಾಗೆ.

ಮಗಳು ರಾಜರಾಜೇಶ್ವರಿನಗರದಲ್ಲಿ ಇದ್ದಾಳೆ. ಶಾಲೆಯೊಂದರಲ್ಲಿ ಟೀಚರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅಮ್ಮ, ಅಪ್ಪಂಗೆ ಹೇಳ್ಬೇಡ. ಕುಗ್ಗಿಹೋಗ್ತಾರೆ."

"ಕೇಳಿದ್ರೆ?"

"ಅಲ್ಸರ್ ಅನ್ನು. ಕೀಮೋನ ಅಲ್ಸರ್ ಟ್ರೀಟ್‌ಮೆಂಟು ಅಂತ ಹೇಳಿ ಶುರು ಮಾಡ್ಸೋಣ."

"ಅವ್ರಿಗೆ ಗೊತ್ತಾಗತ್ತೆ."

"ನೀನು ಹೇಳ್ದೆ ಇದ್ರೆ ಗೊತ್ತಾಗಲ್ಲ. ವಾರ್ಡಲ್ಲಿ ಎಷ್ಟು ಜನಕ್ಕೆ ಹೇಳ್ದೆ ಮುಚ್ಚಿಟ್ಟಿದೀಯ ನೀನು? ಇದೇನು ನಿಂಗೆ ಹೊಸದಾ?"

ಹೊಸದಲ್ಲ. ವಾರ್ಡಿನಲ್ಲಿ ರೋಗಿಯ ಕೇಸ್‌ಶೀಟು ರೋಗಿಗೆ ಓದುವಂತಿರಲಿಲ್ಲ. ಕೇಳಿದವರಿಗೆಲ್ಲ "ಡಾಕ್ಟರ್ ಹೇಳ್ತಾರೆ" ಎನ್ನಬೇಕು. ಅದನ್ನು ನಾನು ನಗುಮುಖದಲ್ಲಿ ಹೇಳುತ್ತಾ ಬಂದಿದ್ದೆ. ಆ ಶಿಸ್ತು ಒಂದು, ವಕೀಲರ ಹಲಗೆಯ ಶಿಸ್ತು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಜಾಗ ಇತ್ತು. ಆದ್ದರಿಂದ ಅಲ್ಲಿಯವರೆಗೆ ತೊಂದರೆಯಾಗಿರಲಿಲ್ಲ.

"ಆಯ್ತು" ಎಂದೆ.

ಮನೆಗೆ ಬಂದು ಫೈಲನ್ನು ಬೀರುವಿನ ಎರಡನೆಯ ಅರೆಯಲ್ಲಿ, ಆಸ್ಪತ್ರೆಯ ಕಾಗದಗಳ ಜಾಗದಲ್ಲಿ ಇಟ್ಟೆ. ಬಚ್ಚಿಡಬೇಕೆಂದು ತೋಚಲಿಲ್ಲ. ನಮ್ಮ ಮನೆಯಲ್ಲಿ ಯಾವ ವಸ್ತುವೂ ಅದರ ಜಾಗ ಬಿಟ್ಟು ಬೇರೆಡೆ ಇರುವುದಿಲ್ಲ. ಅವರಿಗೆ ಅದು ಗೊತ್ತು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಕ್ಷರ ಕೂಡಿಸುತ್ತಾರೆ, ಪಾರ್ಟುಗಳ ಹೆಸರು ಓದುತ್ತಾರೆ. ರಿಪೋರ್ಟು ಅರ್ಥವಾಗುವುದಿಲ್ಲ.

"ಏನೇ, ಅಲ್ಸರ್‌ಗೆ ಇಷ್ಟು ದಪ್ಪ ಫೈಲಾ?" ಎಂದು ಆ ಸಂಜೆ ಕೇಳಿದರು.

"ಈಗೆಲ್ಲ ಹಾಗೇ ಕೊಡ್ತಾರೆ ರೀ."

"ಮಗಳು ಯಾಕೆ ದಿನ ಬಿಟ್ಟು ದಿನ ಬರ್ತಾಳೆ? ಹಬ್ಬಕ್ಕೆ ಕರೆದ್ರೆ ಟ್ರಾಫಿಕ್ ಅಂತಿದ್ಲು."

"ರಜಾ ಇರ್ಬೇಕು."

"ಯಾವ ಮೆಷಿನ್ನು ಕೆಟ್ಟಿದೆ ಅಂತ ಫಿಟ್ಟರ್‌ಗೆ ಹೇಳ್ದೆ ರಿಪೇರಿ ಮಾಡ್ಸೋಕಾಗತ್ತೇನೇ?"

ನಾನು ಅನ್ನಕ್ಕಿಟ್ಟ ಕುಕ್ಕರಿನ ಕಡೆ ನೋಡುತ್ತಿದ್ದೆ. "ಡಾಕ್ಟರ್ ಹೇಳ್ತಾರೆ" ಎಂದೆ. ವಾರ್ಡಿನಲ್ಲಿ ಬರುತ್ತಿದ್ದ ಧ್ವನಿಯೇ ಬಂತು. ಅವರು ಮತ್ತೆ ಕೇಳಲಿಲ್ಲ. ಮಗಳು ಸೋಮವಾರ ಅಡ್ಮಿಟ್ ಮಾಡಿಸಲು ಹಾಸಿಗೆ ಗೊತ್ತುಮಾಡಿದಳು. ನಾನು ಅವರ ಬ್ಯಾಗಿಗೆ ಬೇಕಾದ ಬಟ್ಟೆಗಳನ್ನು ಮಡಿಸಿ ಒಂದು ಕಡೆ ಇಟ್ಟೆ.

ಅದಕ್ಕೆ ಹಿಂದಿನ ಶನಿವಾರ ವಾಚನಾಲಯದಲ್ಲಿ ಜನ ಸ್ವಲ್ಪ ಹೆಚ್ಚು. ಸೊಪ್ಪಿನ ಹೆಂಗಸು ಮೊದಲು ಕೂತಿದ್ದಳು. ಅವಳ ಮೆಸೇಜು ಓದಿ ಮುಗಿಸಿ "ಮುಂದಿನವರು" ಎಂದೆ. ಬೆಂಚು ಅಲುಗಿತು. ತಲೆ ಎತ್ತಿದರೆ ನಮ್ಮ ಯಜಮಾನರು. ತೊಳೆದ ಷರ್ಟು ಹಾಕಿ, ತಲೆ ಬಾಚಿ, ಮೊಣಕಾಲ ಮೇಲೆ ಆ ಫೈಲು ಇಟ್ಟುಕೊಂಡು ಕೂತಿದ್ದರು. ಅವರು ಪೇಪರಿನ ಮೇಜು ಬಿಟ್ಟು ಈ ಬೆಂಚಿನ ಮೇಲೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಇದನ್ನ ಓದಿ" ಎಂದರು. ನನಗೆ ನೀವು ಎನ್ನುವ ಹಾಗೆ, ಬಂದವರೆಲ್ಲರೂ ಹೇಳುವ ಹಾಗೆ.

"ಏನಣ್ಣ, ಮನೇಲಿ ಓದಿಸ್ಕೊಳ್ಳೋಕೆ ಏನಾಗಿತ್ತು? ಇಲ್ಲಿ ಬಂದು ಲೈನಲ್ಲಿ ಕೂತಿದೀರಾ!" ಎಂದು ಸೊಪ್ಪಿನ ಹೆಂಗಸು ನಕ್ಕಳು.

"ಮನೇಲಿ ಈಯಮ್ಮ ಓದಲ್ಲ ಕಣವ್ವ. ಅಲ್ಲಿ ಬೋರ್ಡ್ ಇಲ್ಲವಲ್ಲ."

ಮಾಸ್ಟ್ರು ನಗುತ್ತಾ ನನ್ನ ಕಡೆ ತಿರುಗಿದವರು ನಗು ನಿಲ್ಲಿಸಿದರು. "ಸಿಸ್ಟರ್, ನಾನು ಓದ್ಲಾ?" ಎಂದರು.

"ಕುರ್ಚೀಲಿ ನಾನಿದ್ದೀನಿ" ಎಂದೆ.

ಫೈಲು ಬಿಡಿಸಿದೆ. ಅದರಲ್ಲಿ ಏನಿದೆ, ಎಲ್ಲಿದೆ ಎಲ್ಲವೂ ನನಗೆ ಗೊತ್ತಿತ್ತು. ಕೊನೆಯ ಹಾಳೆಯ ಕೊನೆಯ ಸಾಲೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಮೊದಲಿನಿಂದ ಓದಿದೆ. ಹೆಸರು, ವಯಸ್ಸು, ಚೂರು ತೆಗೆದ ಜಾಗ, ಅದರ ಅಳತೆ, ಬಣ್ಣ. ಆಮೇಲೆ ರೋಗದ ಹೆಸರು. ಆಮೇಲೆ ಸ್ಕ್ಯಾನಿನ ವಿವರ. ಆಮೇಲೆ ಡಾಕ್ಟರ ಬರಹ. ಓದುವಾಗ ಪದಗಳು ಒಂದರ ಹಿಂದೆ ಒಂದು ಬಂದವು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡೆ.

ಎರಡನೆಯ ಸಲ ಕನ್ನಡದಲ್ಲಿ ಹೇಳಿದೆ.

"ಹೊಟ್ಟೆಯ ಒಳಪದರದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಲಿವರಿನಲ್ಲಿ ಹಲವು ಕಡೆ ಹರಡಿದೆ. ಆಪರೇಷನ್ ಸಾಧ್ಯವಿಲ್ಲ. ಕೀಮೋ ಕೊಡಬಹುದು, ಅದು ರೋಗವನ್ನು ಗುಣಪಡಿಸುವುದಕ್ಕಲ್ಲ. ನೋವಿಗೆ ಔಷಧ ಕೊಡಲಾಗಿದೆ. ಕಾಯಿಲೆಯ ಸ್ಥಿತಿಯನ್ನೂ ಮುಂದೆ ಆಗಬಹುದಾದ್ದನ್ನೂ ರೋಗಿಯ ಹೆಂಡತಿಗೆ ಮತ್ತು ಮಗಳಿಗೆ ವಿವರಿಸಲಾಗಿದೆ."

ಫೈಲು ಮುಚ್ಚಿ ಅವರ ಕಡೆ ಚಾಚಿದೆ. ಅವರು ತೆಗೆದುಕೊಂಡರು.

ಸೊಪ್ಪಿನ ಹೆಂಗಸು ಬುಟ್ಟಿಯನ್ನು ಸದ್ದಾಗದಂತೆ ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಗೆ ಹೋದಳು.

"ಮುಂದಿನವರು" ಎಂದೆ.

ಅವರು ಎದ್ದು ಪೇಪರಿನ ಮೇಜಿಗೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಪೇಪರು ಬಿಡಿಸಿದರು. ನಾನು ಒಬ್ಬರ ಪಿಂಚಣಿ ಕಾಗದವನ್ನೂ ಇನ್ನೊಬ್ಬರ ನೀರಿನ ಬಿಲ್ಲನ್ನೂ ಓದಿದೆ. ಹೊತ್ತಾದ ಮೇಲೆ ಇಬ್ಬರೂ ಒಟ್ಟಿಗೆ ಹೊರಟೆವು. ಮೈಸೂರು ರಸ್ತೆ ದಾಟುವಾಗ ಯಾವಾಗಿನಂತೆ ಅವರು ನನ್ನ ಬಲಗಡೆಗೆ ಬಂದು, ಬರುವ ಗಾಡಿಗಳಿಗೆ ಕೈ ತೋರಿಸಿದರು. ಮನೆಗೆ ಬಂದು ಸಾರು ಬಿಸಿ ಮಾಡಿದೆ. ಅವರು ಎರಡು ತುತ್ತು ತಿಂದರು.

"ಕೊನೇ ಸಾಲು ಬಿಟ್ಟು ಓದ್ತೀಯೇನೋ ಅನ್ಕೊಂಡಿದ್ದೆ" ಎಂದರು.

"ಬಿಡೋ ಹಾಗಿಲ್ಲ."

"ಗೊತ್ತು. ಅದಕ್ಕೇ ಅಲ್ಲಿಗೆ ಬಂದಿದ್ದು."

ಅವರು ಮಜ್ಜಿಗೆ ಕೇಳಿದರು. ಕೊಟ್ಟೆ.

ಸೋಮವಾರ ಅವರು ಆಸ್ಪತ್ರೆಗೆ ಬಂದರು, ಬ್ಯಾಗು ತೆಗೆದುಕೊಳ್ಳದೆ. ಡಾಕ್ಟರ ಮುಂದೆ ತಾವೇ ಕೂತು ತಾವೇ ಪ್ರಶ್ನೆ ಕೇಳಿದರು. ಕೀಮೋ ತೆಗೆದುಕೊಂಡರೆ ಎದ್ದು ಓಡಾಡಬಹುದೇ, ತೆಗೆದುಕೊಳ್ಳದಿದ್ದರೆ ಎಷ್ಟು ದಿನ ಓಡಾಡಬಹುದು ಎಂದೆಲ್ಲ. ಕೇಳಿಸಿಕೊಂಡು, "ಬೇಡ ಸಾರ್, ನೋವಿಗೆ ಮಾತ್ರ ಕೊಡಿ" ಎಂದರು. ಮಗಳು ಹೊರಗೆ ಬಂದು ನನ್ನ ಮೇಲೆ ಸಿಟ್ಟಾದಳು.

"ನೀನು ಮಾತು ಕೊಟ್ಟಿದ್ದೆ ಅಮ್ಮ."

"ಕೊಟ್ಟಿದ್ದೆ."

"ಒಂದು ಸಾಲು ಬಿಟ್ಟಿದ್ರೆ ಏನಾಗ್ತಿತ್ತು? ನೂರು ವರ್ಷದ ಹಿಂದೆ ಸತ್ತ ಯಾರೋ ವಕೀಲ ಹೇಳಿದ ಅಂತ ಅಪ್ಪನ ಮುಂದೆ ಕೂತು ಅದನ್ನ ಓದಿದ್ಯಲ್ಲ, ನೀನು ಹೆಂಡ್ತಿನಾ, ಏನು?"

ಅವರೇ ನಡುವೆ ಬಂದರು. "ಅವಳನ್ನ ಬೈಬೇಡ ಕಣೇ. ಸರದೀಲಿ ಕೂತಿದ್ದು ನಾನು."

ಆ ವಾರವೇ ಅವರು ಟೂಲ್ ಬಾಕ್ಸು ಹಿಡಿದು ವಾಚನಾಲಯಕ್ಕೆ ಬಂದರು. ಬೆಂಚನ್ನು ತಲೆಕೆಳಗು ಮಾಡಿ, ಸವೆದ ಕಾಲಿನ ತುದಿ ಕತ್ತರಿಸಿ, ಹೊಸ ಮರದ ತುಂಡು ಕೂರಿಸಿದರು. ಮಧ್ಯೆ ಮಧ್ಯೆ ಕೂತು ಸುಧಾರಿಸಿಕೊಳ್ಳಬೇಕಾಗಿತ್ತು. ಮಾಸ್ಟ್ರು ಸಹಾಯಕ್ಕೆ ಕೈ ಹಾಕಿದರೆ "ಮಾಸ್ಟ್ರೇ, ಸ್ಟಾಂಪ್ ಅಂಟಿಸೋ ಕೆಲಸ ಅಲ್ಲ ಇದು, ಸರೀರಿ" ಎಂದರು. ಮುಗಿದ ಮೇಲೆ ಕೂತು, ಎದ್ದು, ಮತ್ತೆ ಕೂತು ನೋಡಿದರು. ಅಲುಗಲಿಲ್ಲ. ಮಾರನೆಯ ದಿನ ಬಂದ ಸೊಪ್ಪಿನ ಹೆಂಗಸಿಗೆ ಮಾತ್ರ ಸರಿಯೆನಿಸಲಿಲ್ಲ. ತೊಟ್ಟಿಲು ಹೋಯಿತು ಎಂದಳು.

ಅವರು ದಿನಾ ಬರುತ್ತಲೇ ಇದ್ದರು. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಆಟೋದಲ್ಲಿ. ಆಮೇಲೆ ನಾನು ಮನೆಗೆ ಬಂದು ಪೇಪರಿನಲ್ಲಿ ಏನಿತ್ತೆಂದು ಹೇಳುತ್ತಿದ್ದೆ. ಮಗಳು ಬಂದು ಅಪ್ಪನ ಹತ್ತಿರ ಕೂತು ಎಲ್ಲ ಮಾತನ್ನೂ ಆಡಿದಳು. ಯಾವ ಒಡವೆ ಯಾರಿಗೆ, ಗ್ಯಾಸಿನ ಸಂಪರ್ಕ ಯಾರ ಹೆಸರಿಗೆ, ಸತ್ತ ಮೇಲೆ ತಮ್ಮನ್ನು ಯಾವ ಕಡೆ ತೆಗೆದುಕೊಂಡು ಹೋಗಬೇಕು ಎಲ್ಲವನ್ನೂ ಅವರೇ ಹೇಳಿದರು. ಅವಳು ಅತ್ತಳು, ಅವರು ತಮಾಷೆ ಮಾಡಿದರು. ನಾನು ಔಷಧದ ಹೊತ್ತು ನೋಡಿಕೊಳ್ಳುತ್ತಿದ್ದೆ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದೆ. ಬೆಡ್‌ಶೀಟಿನ ಮೂಲೆಗಳು ಸರಿಯಾಗಿರುತ್ತಿದ್ದವು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ, ಬೆಳಗ್ಗೆ ನಾನು ನಾಡಿ ಹಿಡಿದುಕೊಂಡಿದ್ದಾಗಲೇ ಹೋದರು. ಕೈ ಬಿಟ್ಟು ಗೋಡೆಯ ಗಡಿಯಾರ ನೋಡಿದೆ. ವಾರ್ಡಿನಲ್ಲಿ ಹಾಗೆ ನೋಡಿ ಬರೆದುಕೊಳ್ಳಬೇಕಿತ್ತು. ಇಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ. ಒಲೆಯ ಮೇಲೆ ಹಾಲಿತ್ತು. ಹೋಗಿ ಆರಿಸಿ ಬಂದೆ. ಆಮೇಲೆ ಮಗಳಿಗೆ ಫೋನ್ ಮಾಡಿದೆ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಕುರ್ಚಿಗೆ ವಾಪಸ್ ಹೋದೆ. ಕಾಗದಗಳನ್ನು ಓದಿದೆ. ಓದಿದ್ದು ಸರಿಯಾಗಿಯೇ ಇತ್ತು ಎಂದು ಮಾಸ್ಟ್ರು ಹೇಳಿದರು. ನನಗೆ ಮಾತ್ರ ಓದಿದ್ದು ಕಣ್ಣಿನಿಂದ ಬಾಯಿಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಊಟದ ರುಚಿಯೂ ಹಾಗೆಯೇ. ಮಗಳು ಫೋನಿನಲ್ಲಿ "ಅಮ್ಮ, ಒಂದ್ಸಲ ಅತ್ತುಬಿಡು" ಎನ್ನುತ್ತಿದ್ದಳು. ಅಳುವುದಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಲು ಬರುವಂತಿದ್ದರೆ ಮಾಡಿಕೊಳ್ಳುತ್ತಿದ್ದೆ.

ಮರಣ ಪ್ರಮಾಣಪತ್ರ ಕೈಗೆ ಬಂದದ್ದು ಆಮೇಲೆ. ಬ್ಯಾಂಕಿಗೆ, ಪಿಂಚಣಿಗೆ ಅದರ ನಕಲು ಕೊಡಬೇಕು. ಕೊಡುವ ಮೊದಲು ವಿವರಗಳು ಸರಿ ಇವೆಯೇ ನೋಡಬೇಕು. ಮನೆಯಲ್ಲಿ ಓದಿದೆ. ಮತ್ತೆ ಓದಿದೆ. ಏನು ಓದಿದೆನೆಂದು ತಿಳಿಯಲಿಲ್ಲ. ಬೀರುವಿನ ಎರಡನೆಯ ಅರೆಯಲ್ಲಿ ಇಟ್ಟೆ. ಬೆಳಗ್ಗೆ ಅದನ್ನು ತೆಗೆದುಕೊಂಡು ವಾಚನಾಲಯಕ್ಕೆ ಹೋದೆ. ಕುರ್ಚಿಗೆ ಹೋಗಲಿಲ್ಲ. ಕೇಳುವವರ ಬೆಂಚಿನ ಮೇಲೆ ಕೂತೆ. ಮಾಸ್ಟ್ರು ಪೇಪರು ಹರಡುತ್ತಿದ್ದವರು ನೋಡಿದರು. ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಇದನ್ನ ಓದಿ" ಎಂದೆ.

ಪತ್ರ ಎರಡೂ ಭಾಷೆಯಲ್ಲಿ ಇತ್ತು. ಮಾಸ್ಟ್ರು ಇಂಗ್ಲಿಷಿನದನ್ನು ಒಂದೇ ಧ್ವನಿಯಲ್ಲಿ, ಹಳೆಯ ಅಭ್ಯಾಸದಂತೆ ಓದಿ ಮುಗಿಸಿದರು. ನಂತರ ಕನ್ನಡಕ್ಕೆ ಬಂದರು. ಮೃತರ ಹೆಸರು ಎಂದು ಓದಿ, ಹೆಸರು ಓದಲು ಹೋದವರು ನಿಂತರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. "ಸಿಸ್ಟರ್..." ಎಂದರು. ಅಷ್ಟು ಹೇಳುವುದೂ ಹಲಗೆಯ ಪ್ರಕಾರ ತಪ್ಪೇ. ಅವರಿಂದ ಆಗಲಿಲ್ಲ.

ಎರಡನೆಯ ಸಲ ಓದದೆ ಬಿಡುವಂತಿಲ್ಲ. ಕೈ ಚಾಚಿ ಪತ್ರ ಇಸಿದುಕೊಂಡೆ. ಬೆಂಚಿನ ಮೇಲೆ ಕೂತೇ, ಗಟ್ಟಿಯಾಗಿ, ಕನ್ನಡದಲ್ಲಿ ನಾನೇ ಓದಿದೆ. ಅವರ ಹೆಸರು. ಗಂಡು. ಮರಣದ ದಿನಾಂಕ. ಮರಣದ ಸ್ಥಳ, ಮನೆ. ತಂದೆಯ ಹೆಸರು, ತಾಯಿಯ ಹೆಸರು. ಹೆಂಡತಿಯ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ಅದನ್ನೂ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಈ ಸಲ ನನಗೆ ಕೇಳಿಸಿತು.

ಬಾಗಿಲಲ್ಲಿ ಸೊಪ್ಪಿನ ಹೆಂಗಸು ಮೊಬೈಲು ಹಿಡಿದು ನಿಂತಿದ್ದಳು. ಬುಟ್ಟಿ ಇನ್ನೂ ತಲೆಯ ಮೇಲೆಯೇ ಇತ್ತು. ಬೆಂಚು ಅಲುಗದೆ ನಿಂತಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಅದರ ಮೇಲೆಯೇ ಕೂತಿದ್ದೆ. "ಮುಂದಿನವರು" ಎನ್ನಬೇಕಾದವರು ಮಾಸ್ಟ್ರು. ಅವರು ಅನ್ನಲಿಲ್ಲ.